ಬಾಟಲಿಯ ಮೇಲಿನ ಹಂಪಿ

‘ಹಂಪಿ ಹಿಲ್ಸ್’ ಎಂಬ ಹೆಸರು ಹೊತ್ತ ವೈನ್ ಮಾರುಕಟ್ಟೆಗೆ ಬಂದು ಹತ್ತು ವರ್ಷ ಮೀರಿದೆ. ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ ಕಟ್ಟಿದ ಕೃಸ್ಮಾ ಎಸ್ಟೇಟ್ಸ್‌ನ ವೈನ್ ಅದು. ತೋಟ ಹಂಪಿಯಿಂದ ಹೊಳೆಯಾಚೆ, ಕೊಪ್ಪಳ ಜಿಲ್ಲೆಯಲ್ಲಿ. ಅವರ ಕ್ಯಾಬರ್ನೆ ಸಾವಿನ್ಯೋನ್ ನಾನು ಮೆಚ್ಚಿದ ವೈನ್. ನಮ್ಮ ಬಿಸಿಲಿಗೆ ದ್ರಾಕ್ಷಿಯಲ್ಲಿ ಸಿಹಿ ಬೇಗ ಏರಿ ಹುಳಿ ಕರಗಿಹೋಗುತ್ತದೆ. ಇಲ್ಲಿ ಹುಳಿ ಉಳಿದಿದೆ, ಒಗರು ಹದವಾಗಿದೆ. ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಬಳ್ಳಿ ಸವರುವ ಚಾಟಣಿ ಮಾಡಿ, ಚಳಿಗಾಲದಲ್ಲಿ ಹಣ್ಣು ಬಲಿಸಿ, ಬೇಸಿಗೆ ಸುಡುವ ಮೊದಲೇ ಕೊಯ್ಯುವ ಶ್ರಮ ಆ ಗುಟುಕಿನಲ್ಲಿದೆ.

ನನ್ನ ತಕರಾರು ವೈನಿನ ಮೇಲಲ್ಲ, ಅದು ಹೊತ್ತ ಊರಿನ ಹೆಸರಿನ ಮೇಲೆ. ಹಂಪಿ ಹಿಲ್ಸ್ ಎಲ್ಲಿಂದ ಎಲ್ಲಿಯವರೆಗೆ?

ಇಂಥದೇ ಪ್ರಶ್ನೆಯನ್ನು ಅಮೆರಿಕದವರು ತಡವಾಗಿ ಕೇಳಿಕೊಂಡರು, ಆದರೆ ಗಟ್ಟಿಯಾಗಿ ಕೇಳಿಕೊಂಡರು. 1920ರಿಂದ 1933ರವರೆಗಿನ ಪಾನನಿಷೇಧ ಅಲ್ಲಿನ ಬಹುಪಾಲು ವೈನರಿಗಳ ಬಾಗಿಲು ಮುಚ್ಚಿಸಿತ್ತು. ಚೇತರಿಕೆಗೆ ದಶಕಗಳೇ ಹಿಡಿದವು. 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮರೆಮಾಡಿ ರುಚಿ ನೋಡಿದಾಗ, ಫ್ರೆಂಚ್ ತೀರ್ಪುಗಾರರೇ ನಾಪಾ ಕಣಿವೆಯ ವೈನರಿಗಳ ಕೆಂಪು, ಬಿಳಿ ಎರಡಕ್ಕೂ ಮೊದಲ ಸ್ಥಾನ ಕೊಟ್ಟರು. ನಾಪಾ ಎಂಬ ಹೆಸರಿಗೆ ಬೆಲೆ ಬಂತು; ಬೆಲೆ ಬಂದ ಹೆಸರಿಗೆ ಕಾವಲೂ ಬೇಕಾಯಿತು. 1980ರಲ್ಲಿ ಮಿಸೌರಿಯ ಆಗಸ್ಟಾ, ಮರುವರ್ಷ ನಾಪಾ ಸರ್ಕಾರಿ ಗಡಿ ಪಡೆದವು. ಅಂಥ ಪ್ರದೇಶದ ಹೆಸರು ಹಾಕಬೇಕಾದರೆ ಶೇ. 85ರಷ್ಟು ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ಇಂದು ಕ್ಯಾಲಿಫೋರ್ನಿಯಾದಲ್ಲಿ ಕುಡಿಯುವವರು ಕಡಿಮೆಯಾಗಿ ರೈತರು ಬಳ್ಳಿ ಕೀಳಿಸುತ್ತಿದ್ದಾರೆ. ಆ ಉದ್ಯಮದ ವೈಭವವನ್ನೆಲ್ಲ ನಾವು ಅನುಕರಿಸಬೇಕಿಲ್ಲ. ಆ ಗಡಿಯ ಶಿಸ್ತನ್ನು ಮಾತ್ರ ಬೇಡವೆನ್ನಲು ಕಾರಣ ಕಾಣೆ.

ಬಳ್ಳಿ, ಬೇರಿನ ವಿಷಯದಲ್ಲಂತೂ ಅಮೆರಿಕ ಆಗಲೇ ನಮ್ಮ ನೆಲದೊಳಗಿದೆ. ಬೆಂಗಳೂರು ನೀಲಿ ದ್ರಾಕ್ಷಿಯ ಮೂಲ ಅಮೆರಿಕದ ಇಸಾಬೆಲ್ಲ ತಳಿ. ವಿಜಯಪುರ, ಬಾಗಲಕೋಟೆಯ ರೈತರು ಸವಳು ನೀರು, ಬರ ತಡೆಯಲೆಂದು ಕಸಿಗೆ ಬಳಸುವ ಡಾಗ್‌ರಿಜ್ ಬೇರು ಟೆಕ್ಸಾಸ್‌ನದು.

ನಮ್ಮ ರಾಜ್ಯ 2007ರಲ್ಲಿ ವೈನ್ ನೀತಿ ತಂದಿತು. ಸಾರಾಯಿ ನಿಷೇಧವಾದದ್ದೂ ಅದೇ ವರ್ಷ. ಬಡವರ ಗುಟುಕು ನಿಂತ ಹೊತ್ತಿಗೇ ವೈನರಿಗಳಿಗೆ ಉತ್ತೇಜನ ಸಿಕ್ಕಿತು. ಅದಕ್ಕೆ ಬದಲಾಗಿ ಆ ಉದ್ಯಮದಿಂದ ಪ್ರಾಮಾಣಿಕ ಲೇಬಲ್ ಕೇಳುವುದು ಹೆಚ್ಚಲ್ಲ. ‘ನಾಸಿಕ್ ವ್ಯಾಲಿ ವೈನ್’ ಭೌಗೋಳಿಕ ಗುರುತು ಪಡೆದುಕೊಂಡಿದೆ. ಹಂಪಿಯ ವೈನಿಗೆ ಅಂಥ ಗಡಿ ಇಲ್ಲ.

ಆ ಗಡಿ ಎಳೆಯುವುದು ಸುಲಭವೂ ಅಲ್ಲ, ಇತಿಹಾಸ ಅದಕ್ಕೆ ನೆರವಾಗದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ವಿಜಯನಗರದ ತೋಟಗಳಲ್ಲಿ ಬಿಳಿ ದ್ರಾಕ್ಷಿ ಕಂಡಿದ್ದಾನೆ; ಒಂದು ಪಣ ನಾಣ್ಯಕ್ಕೆ ಮೂರು ಗೊಂಚಲು ಎಂದು ಬೆಲೆಯನ್ನೂ ಬರೆದಿದ್ದಾನೆ. ಅದು ತಿನ್ನುವ ಹಣ್ಣಿನ ಮಾತು, ವೈನಿನ ಪರಂಪರೆಗೆ ಸಾಕ್ಷಿಯಲ್ಲ. ಹೊಸಪೇಟೆ, ಕಮಲಾಪುರದ ಕಾಲುವೆ ಕೆಳಗಿನ ಬಾಳೆ, ಕಬ್ಬಿನ ಹೊಲವಾಗಲಿ, ಕಂಪ್ಲಿಯ ಭತ್ತದ ಗದ್ದೆಯಾಗಲಿ ವೈನ್ ದ್ರಾಕ್ಷಿಗೆ ಹೇಳಿ ಮಾಡಿಸಿದ ನೆಲವಲ್ಲ. ಬೇರಿಗೆ ಅಷ್ಟು ನೀರು ಸಿಕ್ಕರೆ ಬಳ್ಳಿ ಸೊಕ್ಕುತ್ತದೆ, ಹಣ್ಣು ಪೇಲವವಾಗುತ್ತದೆ. ಸಂಡೂರಿನ ಕಬ್ಬಿಣದ ಗುಡ್ಡಗಳ ಮಣ್ಣೇ ಬೇರೆ. ಹೊಳೆಯಾಚೆಯ ಒಣ ಗರಸು ನೆಲವೇ ಬಳ್ಳಿಗೆ ಒಗ್ಗುವುದು. ಮಣ್ಣು, ನೀರು ನೋಡಿ ಗೆರೆ ಎಳೆದರೆ ವಿರೂಪಾಕ್ಷ ಗುಡಿಯ ಸುತ್ತಲಿನ ಹಂಪಿಯೇ ಆ ಗೆರೆಯ ಹೊರಗೆ ಉಳಿಯಬಹುದು. ಮದ್ಯಕ್ಕೆ ಎಡೆಯಿಲ್ಲದ ಆ ಕ್ಷೇತ್ರಕ್ಕೆ ಅದರಿಂದ ನಷ್ಟವೇನಿಲ್ಲ.

ಹಾಗಾದರೆ ಕೊಪ್ಪಳದ ಹೆಸರಿನಲ್ಲೇ ಈ ವೈನ್ ಏಕೆ ಮಾರಾಟವಾಗಬಾರದು? ಅದನ್ನು ಬೆಳೆದ ನೆಲ ಕೊಪ್ಪಳದ್ದು, ಕೊಯ್ದ ಕೈಗಳು ಕೊಪ್ಪಳದವು. 1976ಕ್ಕೆ ಮೊದಲು ನಾಪಾ ಎಂದರೂ ಪ್ಯಾರಿಸ್‌ನಲ್ಲಿ ಕಿವಿಗೊಡುವವರು ಕಡಿಮೆಯೇ ಇದ್ದರು.