ಮುಂಜಿಮನೆಯ ಊಟದ ಪಟ್ಟಿ

ಮುಂಜಿ ಅನ್ನೋದು ಕನ್ನಡದಲ್ಲೊಂದು ತಮಾಷೆಯ ಪದ. ಬ್ರಾಹ್ಮಣರ ಮನೆಯಲ್ಲಿ ಹುಡುಗನಿಗೆ ಜನಿವಾರ ಹಾಕಿದರೂ ಮುಂಜಿ, ಮುಸಲ್ಮಾನರ ಮನೆಯಲ್ಲಿ ಹುಡುಗನಿಗೆ ಸುನ್ನತಿ ಮಾಡಿಸಿದರೂ ಮುಂಜಿ. ಪದ ಬಂದಿದ್ದು ವಟುವಿನ ಸೊಂಟಕ್ಕೆ ಕಟ್ಟುವ ಹುಲ್ಲಿನ ಹುರಿಯಿಂದ, ಅದಕ್ಕೆ ಮೌಂಜಿ ಅಂತ ಹೆಸರು. ಸುನ್ನತಿಗೂ ಆ ಹುಲ್ಲಿಗೂ ಎಂಥ ಸಂಬಂಧವೂ ಇಲ್ಲ. ಆದರೂ ಜನ ಎರಡನ್ನೂ ಒಂದೇ ಹೆಸರಲ್ಲಿ ಕರೆದರು. ಹುಡುಗ ತನ್ನವರ ಲೆಕ್ಕಕ್ಕೆ ಸೇರುವ ದಿನ, ಊರಿಗೆ ಊಟ ಹಾಕುವ ದಿನ ಅನ್ನುವಷ್ಟು ಹೋಲಿಕೆ ಅವರಿಗೆ ಸಾಕಾಗಿತ್ತು. ಬಾಳಗಡಿಯಲ್ಲಿ ನಿಂತು "ನಾಡಿದ್ದು ಮುಂಜಿ ಊಟಕ್ಕೆ ಹೋಗ್ಬೇಕು ಮಾರಾಯ" ಅಂದರೆ, "ಯಾರ ಮನೇದು?" ಅಂತ ಇನ್ನೊಂದು ಪ್ರಶ್ನೆ ಕೇಳದೆ ಏನೂ ಗೊತ್ತಾಗೋದಿಲ್ಲ. ಮಗು ಹುಟ್ಟಿದ ಎಂಟನೇ ದಿನಕ್ಕೇ ಸುನ್ನತಿ ಮಾಡುವ ಯಹೂದಿಗಳನ್ನೂ ಸೇರಿಸಿಕೊಂಡರೆ ಮುಂಜಿ ಮೂರಾಯಿತು.

ನನ್ನ ತಕರಾರು ಇರೋದು ಊಟದ ಪಟ್ಟಿಯ ಬಗ್ಗೆ. ಈಗ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಯಾವ ಮುಂಜಿಗೆ ಹೋದರೂ ಪಟ್ಟಿ ಹೆಚ್ಚುಕಮ್ಮಿ ಒಂದೇ. ವೆಲ್‌ಕಮ್ ಡ್ರಿಂಕು, ಗೋಬಿ ಮಂಚೂರಿ, ರುಮಾಲಿ ರೊಟ್ಟಿ, ಪನೀರ್ ಬಟರ್ ಮಸಾಲ, ಪಲಾವು, ಎರಡು ಸ್ವೀಟು, ಐಸ್‌ಕ್ರೀಮು, ಬೀಡ. ಮುಸಲ್ಮಾನರ ಮನೆಯಾದರೆ ಬಿರಿಯಾನಿ, ಕಬಾಬು. ಮೂಲೆಯಲ್ಲೊಂದು 'ವೆಜ್' ಕೌಂಟರು, ಅಲ್ಲಿ ಮತ್ತದೇ ಗೋಬಿ, ಅದೇ ಪನೀರು. ಕೇಟರಿಂಗ್‌ನವರು ಕೇಳೋದು ಎರಡೇ ಪ್ರಶ್ನೆ: ಎಷ್ಟು ಪ್ಲೇಟು, ಎಷ್ಟು ಐಟಮ್ಮು? ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಬರುವವರಲ್ಲಿ ಯಾರು ಏನನ್ನು ಉಣ್ಣುವುದಿಲ್ಲ?

ಯಾಕೆ ಅದೇ ಮೊದಲ ಪ್ರಶ್ನೆ ಅಂದರೆ, ಮುಂಜಿ ಯಾರದ್ದೋ ಅವನಿಗೆ ಆ ಊಟ ಅಲ್ಲವೇ ಅಲ್ಲ. ಉಪನಯನದ ವಟು ಶಾಸ್ತ್ರಕ್ಕೆ ಮೊದಲು ಅಮ್ಮನ ಜೊತೆ ಮಾತೃಭೋಜನ ಮಾಡಿ ಎದ್ದಮೇಲೆ, ಮೂರು ದಿನ ಉಪ್ಪು ಖಾರ ಬಿಟ್ಟು ಉಣ್ಣಬೇಕು ಅಂತ ನಿಯಮ. ಈಗ ಎಷ್ಟು ಮನೆಯಲ್ಲಿ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು. ಸುನ್ನತಿಯಾದ ಹುಡುಗ ಲುಂಗಿ ಎತ್ತಿ ಹಿಡಿದುಕೊಂಡು ಮಲಗಿರುತ್ತಾನೆ, ಅವನಿಗೆ ಬಿರಿಯಾನಿಯ ಮೇಲೆ ಎಲ್ಲಿಯ ಆಸೆ? ಯಹೂದಿ ಮಗುವಿಗಂತೂ ಸಿಗೋದು ಹೆಸರಿಡುವಾಗ ತುಟಿಗೆ ಸವರುವ ಒಂದೆರಡು ಹನಿ ದ್ರಾಕ್ಷಾರಸ. ಹಾಗಾಗಿ ಮುಂಜಿ ಊಟ ಪೂರ್ತಿಯಾಗಿ ಬಂದವರದ್ದು. ಪಟ್ಟಿ ಬರೆಯುವವರು ನೋಡಬೇಕಾದ್ದೂ ಬಂದವರ ಮುಖವನ್ನೇ.

ಈ ವಿಷಯದಲ್ಲಿ ಯಹೂದಿಗಳ ಲೆಕ್ಕಾಚಾರ ನೋಡುವಂಥದ್ದು. ಅವರಿಗೆ ಛತ್ರ ಮುಂಗಡ ಬುಕ್ ಮಾಡೋ ಭಾಗ್ಯವೇ ಇಲ್ಲ. ಮಗು ಹುಟ್ಟಿದ ಮೇಲೆಯೇ ದಿನ ಗೊತ್ತಾಗೋದು, ಮಗುವಿಗೆ ಕಾಮಾಲೆ ಗೀಮಾಲೆ ಬಂದರೆ ಅದೂ ಮುಂದಕ್ಕೆ. ಎಂಟನೇ ದಿನ ಶನಿವಾರ ಬಿದ್ದರೆ ಸುನ್ನತಿ ಅವತ್ತೇ ಆಗುತ್ತದೆ, ಆದರೆ ಅವತ್ತು ಅಡಿಗೆ ಮಾಡುವಂತಿಲ್ಲ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಬೇಯಿಸಿಟ್ಟಿರಬೇಕು. ಮಾಂಸ ಬಡಿಸಿದ ಊಟದಲ್ಲಿ ಹಾಲು, ಬೆಣ್ಣೆ, ಮೊಸರು ಇರಕೂಡದು. ಮೀನಾದರೆ ರೆಕ್ಕೆಯೂ ಹುರುಪೆಯೂ ಇರುವ ಮೀನೇ ಆಗಬೇಕು, ಸಿಗಡಿ ಏಡಿ ನಡೆಯೋದಿಲ್ಲ. ಮನೆಯವರು ಅಷ್ಟು ಕಟ್ಟುನಿಟ್ಟಿನವರಲ್ಲದಿದ್ದರೂ, ಬರುವವರಲ್ಲಿ ಹಾಗೆ ಪಾಲಿಸುವ ಅಜ್ಜನೋ ಅತ್ತೆಯೋ ಇದ್ದರೆ ಪಟ್ಟಿ ಅವರನ್ನು ನೋಡಿ ಆಗಬೇಕು.

ಇನ್ನೊಂದು ರೂಢಿ ನನಗೆ ಬಹಳ ಹಿಡಿಸಿದ್ದು. ಸುನ್ನತಿ ಊಟ ಅವರಲ್ಲಿ ಧರ್ಮದ ಕೆಲಸ, ಕರೆದ ಮೇಲೆ ಬರೋದಿಲ್ಲ ಅನ್ನುವ ಹಾಗಿಲ್ಲ. ಅದಕ್ಕಾಗಿ ಅವರಲ್ಲಿ ಅನೇಕರು ಕರೆಯುವುದೇ ಇಲ್ಲ. ಇಂಥ ದಿನ, ಇಂಥ ಹೊತ್ತಿಗೆ, ಇಂಥಲ್ಲಿ ಇದೆ ಅಂತ ತಿಳಿಸುತ್ತಾರೆ, ಅಷ್ಟೆ. ಬರಲಾಗದವನ ತಲೆ ಮೇಲೆ ತಪ್ಪು ಹೊರಿಸಬಾರದು ಅನ್ನುವ ನಾಜೂಕು ಅದು. ನಾವು "ಮನೆಗೆ ಬೀಗ ಹಾಕ್ಕೊಂಡು ಎಲ್ರೂ ಬರ್ಬೇಕು" ಅಂತ ಕರೆದು, ಬಂದವರಿಗೆ ಉಣ್ಣಲಾಗದ್ದನ್ನು ಬಡಿಸುತ್ತೇವಲ್ಲ, ಅದಕ್ಕೆ ಹೋಲಿಸಿ ನೋಡಿ.

ಯಹೂದಿಗಳು ಅಂದ ತಕ್ಷಣ ಅಮೆರಿಕ, ಇಸ್ರೇಲ್ ಅಂತ ದೂರ ಹೋಗಬೇಕಿಲ್ಲ. ನಮ್ಮ ಘಟ್ಟ ಇಳಿದು ಕಡಲ ದಾರಿಯಲ್ಲಿ ಬಡಗು ಮುಖವಾಗಿ ಹೋದರೆ ಕೊಂಕಣದ ಅಲಿಬಾಗ್ ಸಿಗುತ್ತದೆ. ಆ ಸುತ್ತಿನ ಹಳ್ಳಿಗಳಲ್ಲಿ ಶತಮಾನಗಳ ಕಾಲ ಬಾಳಿದವರು ಬೆನೆ ಇಸ್ರೇಲ್ ಯಹೂದಿಗಳು. ಮನೆಮಾತು ಮರಾಠಿ, ಕಸುಬು ಗಾಣ. ಶನಿವಾರ ಗಾಣ ಕಟ್ಟದ ಇವರನ್ನು ಊರವರು ಶನಿವಾರ ತೇಲಿ ಅಂತಲೇ ಕರೆದರು. ಮಾಂಸದ ಜೊತೆ ಹಾಲು ಕೂಡದು ಅನ್ನುವ ತೊಡಕನ್ನು ಇವರು ಬಿಡಿಸಿಕೊಂಡಿದ್ದು ಕಾಯಿಹಾಲಿನಿಂದ. ಸಾರಿಗೂ ಕಾಯಿಹಾಲು, ಸಿಹಿಗೂ ಕಾಯಿಹಾಲು. ಶುಭಕಾರ್ಯಕ್ಕೆ ಇವರು ಮಾಡುವುದು ಮಲೀದಾ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಗೋಡಂಬಿ ಬೆರೆಸಿ, ಹಣ್ಣುಗಳ ಜೊತೆ ಇಟ್ಟು, ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಹಂಚುತ್ತಾರೆ. ಸುನ್ನತಿಯ ಹೊತ್ತಿಗೆ ಯಹೂದಿಗಳು ಒಂದು ಕುರ್ಚಿ ಖಾಲಿ ಬಿಡುವುದೂ ಇದೇ ಎಲಿಯಾಹುವಿಗೆ. (ನಮ್ಮಲ್ಲಿ ಮೊಹರಮ್ಮಿಗೆ ಮಾಡುವ ಮಲೀದ ಬೇರೆ, ಅದು ರೊಟ್ಟಿ ಪುಡಿ ಮಾಡಿ ಬೆಲ್ಲ ಹಾಕಿದ್ದು.) ಈ ಅವಲಕ್ಕಿಯಲ್ಲಿ ಮಾಂಸವಿಲ್ಲ, ಹಾಲಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮರಾಠಿ ಮಾತಾಡುವ ಹಿಂದೂ ನೆರೆಯವನೂ ತಿನ್ನಬಹುದು, ಮುಸಲ್ಮಾನನೂ ತಿನ್ನಬಹುದು. ಎಲ್ಲರೂ ಬಾಯಿಗೆ ಹಾಕಬಹುದಾದ ಒಂದಾದರೂ ತಿನಿಸನ್ನು ಅವರು ಹಬ್ಬದ ನಡುವೆಯೇ ಇಟ್ಟರು, ಮೂಲೆಯ ಕೌಂಟರಿನಲ್ಲಿ ಅಲ್ಲ.

ನಮ್ಮ ಮಲೆನಾಡಿಗೂ ಈ ಬುದ್ಧಿ ಇತ್ತು. ಮುಸಲ್ಮಾನರ ಮುಂಜಿಗೆ ಬಂದ ಸಸ್ಯಾಹಾರಿ ನೆರೆಯವರಿಗೆ ಬೇರೆ ಅಡಿಗೆಯವರನ್ನು ಕರೆಸಿ, ಬೇರೆ ಪಾತ್ರೆ ತರಿಸಿ, ಅನ್ನ ಹುಳಿ ಪಾಯಸ ಮಾಡಿಸುತ್ತಿದ್ದರು. ಅಲ್ಲೂ ಉಣ್ಣದವರ ಮನೆಗೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ತರಕಾರಿ ಪಡಿಯಾಗಿ ಹೋಗುತ್ತಿತ್ತು. ನೀನು ನನ್ನ ಮನೆಯಲ್ಲಿ ಉಣ್ಣದಿದ್ದರೂ ನನ್ನ ಮನೆಯ ಊಟ ನಿನಗೆ ಮುಟ್ಟಲಿ ಅನ್ನುವ ಮಾತು ಆ ಪಡಿಯಲ್ಲಿತ್ತು.

ಹಾಗಂತ ಹಳೇ ಕಾಲವನ್ನು ಹಾಡಿ ಹೊಗಳೋಕೆ ನಾನು ತಯಾರಿಲ್ಲ. 'ಯಾರು ಏನು ಉಣ್ಣೋದಿಲ್ಲ' ಅನ್ನೋ ಪ್ರಶ್ನೆಯ ಪಕ್ಕದಲ್ಲೇ 'ಯಾರ ಜೊತೆ ಉಣ್ಣೋದಿಲ್ಲ' ಅನ್ನೋ ಪ್ರಶ್ನೆಯೂ ಕೂತಿತ್ತು. ಉಪನಯನದ ಮನೆಯಲ್ಲಿ ಮೊದಲ ಪಂಕ್ತಿ ಯಾರದ್ದು, ಜಗಲಿಯಲ್ಲಿ ಯಾರು, ಚಪ್ಪರದ ಆಚೆ ಯಾರು, ಎಲ್ಲರೂ ಎದ್ದಮೇಲೆ ಯಾರು ಅನ್ನೋದು ಯಾರೂ ಹೇಳದೆ ಎಲ್ಲರಿಗೂ ಗೊತ್ತಿತ್ತು. ತೋಟದಲ್ಲಿ ಅಡಿಕೆ ಕೊಯ್ದವನಿಗೆ ಹೋಳಿಗೆ ಸಿಗುತ್ತಿತ್ತು, ಸಾಲಿನಲ್ಲಿ ಜಾಗ ಸಿಗುತ್ತಿರಲಿಲ್ಲ. ಮೊದಲ ಪ್ರಶ್ನೆ ಅತಿಥಿಯ ನೇಮವನ್ನು ಗೌರವಿಸುತ್ತದೆ, ಎರಡನೆಯದು ಅತಿಥಿಯನ್ನೇ ಅಳೆಯುತ್ತದೆ. ಎರಡನ್ನೂ ಮಡಿ ಅನ್ನುವ ಒಂದೇ ಚೀಲಕ್ಕೆ ತುಂಬಿ ಇಟ್ಟುಕೊಂಡಿದ್ದೆವು.

ಬಫೆ ಬಂದು ಎರಡನೇ ಪ್ರಶ್ನೆಯನ್ನು ಬಹುಮಟ್ಟಿಗೆ ಹೊಡೆದುಹಾಕಿತು. ತಟ್ಟೆ ಹಿಡಿದು ಕ್ಯೂ ನಿಂತಮೇಲೆ ಹಿಂದೆ ಮುಂದೆ ಯಾರಿದ್ದಾರೆ ಅಂತ ನೋಡೋ ಹಾಗಿಲ್ಲ. ಇದು ಸಣ್ಣ ಲಾಭ ಅಲ್ಲ. ನಿಂತು ಉಣ್ಣೋದು ಸಂಸ್ಕೃತಿ ಅಲ್ಲ ಅಂತ ಗೊಣಗುವವರು ಇದನ್ನು ಮರೆಯುತ್ತಾರೆ. ಆದರೆ ಬಫೆ ಹೊಡೆದಿದ್ದು ಎರಡು ಪ್ರಶ್ನೆಗಳನ್ನೂ, ಮೊದಲನೆಯದೂ ಹೋಯಿತು.

ಈಗಿನ ಪಟ್ಟಿಯನ್ನು ಒಂದೊಂದಾಗಿ ನೋಡಿ. ಗೋಬಿ ಮಂಚೂರಿಗೆ ಬೆಳ್ಳುಳ್ಳಿ ಇಲ್ಲದೆ ಆಗದು, ಮಡಿಯ ಅಜ್ಜಿ ಮುಟ್ಟುವುದಿಲ್ಲ. ಎನ್.ಆರ್. ಪುರದ ಸಿಂಹನಗದ್ದೆಯಲ್ಲಿ ಜೈನರ ಜ್ವಾಲಾಮಾಲಿನಿ ಬಸದಿ, ಮಠ ಇವೆ, ಸುತ್ತಮುತ್ತ ಜೈನರ ಮನೆಗಳಿವೆ. ನೇಮದವರು ಆಲೂಗಡ್ಡೆ, ಈರುಳ್ಳಿಯಂಥ ಗೆಡ್ಡೆ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ. ರಾತ್ರಿ ಎಂಟಕ್ಕೆ ಪಲಾವು, ಆಲೂ ಬೋಂಡ ಇಟ್ಟರೆ ಅವರು ಮಗುವಿನ ಕೈಗೆ ಕವರು ಕೊಟ್ಟು ನೀರು ಕುಡಿದು ಹೋಗುತ್ತಾರೆ. ಮುಸಲ್ಮಾನ ಗೆಳೆಯ ಬೇರೆಯವರ ಮನೆಯ ಬಾಡೂಟಕ್ಕೆ ಬಂದರೆ ಕೋಳಿ ಹಲಾಲ್ ಹೌದೋ ಅಲ್ಲವೋ ಅಂತ ಕೇಳಲು ನಾಚಿಕೊಂಡು ಬರೀ ಅನ್ನ ಮೊಸರು ಉಣ್ಣುತ್ತಾನೆ. ಸಕ್ಕರೆ ಕಾಯಿಲೆಯವರು ಎರಡು ಸ್ವೀಟು, ಒಂದು ಐಸ್‌ಕ್ರೀಮಿನ ನಡುವೆ ತಿಳಿಸಾರು ಹುಡುಕುತ್ತಾರೆ. ಇಪ್ಪತ್ತೆಂಟು ಐಟಮ್ಮುಗಳ ನಡುವೆ ಇವರೆಲ್ಲ ಹಸಿದುಕೊಂಡು ಮನೆಗೆ ಹೋಗುತ್ತಾರೆ. ಎರಡು ಸಲ ಹೀಗಾದಮೇಲೆ ಮೂರನೇ ಸಲ ಬರೋದಿಲ್ಲ. ಊಟಕ್ಕೆ ಬರೋದು ನಿಂತರೆ ಮಾತೂ ತೆಳ್ಳಗಾಗುತ್ತದೆ. ಈ ದಿನಗಳಲ್ಲಿ ಅಕ್ಕಪಕ್ಕದವರು ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣೋದು ಎಷ್ಟು ದೊಡ್ಡ ಸಂಗತಿ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರಕ್ಕೆ ದುಡ್ಡು ಜಾಸ್ತಿ ಬೇಡ. ನಮ್ಮ ಕಡೆಯ ಅಡಿಗೆಯಲ್ಲೇ ಬೇಕಾದಷ್ಟಿದೆ. ಒತ್ತು ಶಾವಿಗೆಗೆ ಕಾಯಿಹಾಲು, ಬೆಲ್ಲ ಹಾಕಿ ಬಡಿಸಿದರೆ ಮೂರೂ ಮುಂಜಿಯವರು ಉಣ್ಣಬಹುದು. ಸೌತೆಕಾಯಿ ಹುಳಿ, ತಿಳಿಸಾರು ಈರುಳ್ಳಿ ಬೆಳ್ಳುಳ್ಳಿ ಕೇಳೋದಿಲ್ಲ. ಒಂದೆಲಗದ ತಂಬುಳಿ, ನೀರುಮಜ್ಜಿಗೆ ಬೇಸಿಗೆಯ ಮುಂಜಿಗೆ ಹೇಳಿ ಮಾಡಿಸಿದ್ದು. ಮುಸಲ್ಮಾನರ ಮನೆಯಲ್ಲಿ ಅಕ್ಕಿ ಪತ್ತಿರ್ ಇದ್ದೇ ಇರುತ್ತದೆ, ನಮ್ಮ ಅಕ್ಕಿ ರೊಟ್ಟಿಯ ಹತ್ತಿರದ ನೆಂಟ. ಅದನ್ನು ಕೋಳಿ ಸಾರಿನ ಜೊತೆಗೊಂದಿಷ್ಟು, ಕಾಯಿಹಾಲಿನ ಜೊತೆಗೊಂದಿಷ್ಟು ಇಟ್ಟರೆ ಮೂಲೆಯ ಕೌಂಟರೇ ಬೇಕಾಗೋದಿಲ್ಲ. ಮಾಂಸ ಇದ್ದರೆ ಹಲಾಲ್ ಹೌದೋ ಅಲ್ಲವೋ ಅಂತ ಒಂದು ಚೀಟಿ ಬರೆದಿಟ್ಟರೆ ಕೇಳುವವರ ನಾಚಿಕೆ ಉಳಿಯಿತು. ಜೈನರಿಗೆ ಹೊತ್ತು ಮುಳುಗುವ ಮೊದಲೇ ಒಂದು ಪಂಕ್ತಿ ಹಾಕಿದರಾಯಿತು.

"ಮಕ್ಕಳು ಗೋಬಿ ಕೇಳ್ತಾವಲ್ಲ?" ಅನ್ನಬಹುದು. ಇಡಿ, ಯಾರು ಬೇಡ ಅಂದರು? "ನಾಲ್ಕು ಜನ ಏನಂದಾರು, ಇವರ ಮನೇಲಿ ಇಷ್ಟೇನಾ ಅಂತ?" ಅನ್ನುವ ಹೆದರಿಕೆಯೇ ನಿಜವಾದ ಅಡ್ಡಿ. ಪಟ್ಟಿ ಉದ್ದ ಆಗೋದು ಹಸಿದವರಿಗಾಗಿ ಅಲ್ಲ, ಎಣಿಸುವವರಿಗಾಗಿ. ನಮ್ಮ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಿಡುವ ಮೊದಲು, ತೀರ ಹಳೇ ಫೋನಿನಲ್ಲೂ ಅದು ಓಡುತ್ತದಾ ಅಂತ ನೋಡುತ್ತೇವೆ. ಹೊಸ ಫೋನಿನವರು ಹೇಗೂ ನಿಭಾಯಿಸಿಕೊಳ್ಳುತ್ತಾರೆ. ಮುಂಜಿಮನೆಯವರೂ ಅಡಿಗೆಯವರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತಗೊಂಡು, ಬರುವವರಲ್ಲಿ ಉಣ್ಣಲು ಕಷ್ಟ ಇರುವ ಹತ್ತು ಜನರ ಹೆಸರು ಬರೆಯಲಿ. ಆ ಹತ್ತು ಜನ ಏನೇನು ಉಣ್ಣಬಹುದೋ ಅದು ಪಟ್ಟಿಯ ಮೊದಲಿಗೆ ಬರಲಿ. ಗೋಬಿ, ಪನೀರು ಅದರ ಕೆಳಗೆ ಎಷ್ಟು ಬೇಕಾದರೂ ಇರಲಿ.