ಶೂನ್ಯವೆಂಬ ಮಾತು

ಆಕಾಶಯಾನದ ವಿಷಯವಾಗಿ ಕನ್ನಡದಲ್ಲಿ ಬರುವ ಬರಹಗಳಲ್ಲಿ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ: ನೌಕೆಯು ‘ಶೂನ್ಯ’ದಲ್ಲಿ ತೇಲುತ್ತಿದೆ ಎಂಬುದು. ಮಾತು ಗಂಭೀರವಾಗಿದೆ, ಕಿವಿಗೂ ಇಂಪಾಗಿದೆ. ಆದರೆ ಅದು ನಿಜವೆ?

1996ರ ಫೆಬ್ರವರಿ 25ರಂದು ನಡೆದ ಸಂಗತಿಯನ್ನು ನೋಡಬಹುದು. ಅಮೆರಿಕದ ಕೊಲಂಬಿಯಾ ನೌಕೆಯಿಂದ ಇಟಲಿಯವರ ಉಪಗ್ರಹವೊಂದನ್ನು ದಾರದ ತುದಿಗೆ ಕಟ್ಟಿ ಮೇಲಕ್ಕೆ ಬಿಡುತ್ತಿದ್ದರು. ಒಳಗೆ ತಾಮ್ರದ ತಂತಿಯಿದ್ದ, ಎರಡೂವರೆ ಮಿಲಿಮೀಟರು ದಪ್ಪದ ಆ ದಾರ 19.7 ಕಿಲೋಮೀಟರು ಬಿಚ್ಚಿಕೊಂಡಾಗ ಕಡಿದುಹೋಯಿತು. ಇಷ್ಟನ್ನೇ ಬರೆದು ನಿಲ್ಲಿಸಿದರೆ, ಭಾರ ತಾಳದೆ ಕಡಿಯಿತೆಂದು ಓದುಗನು ತಿಳಿದಾನು. ನಿಜವಾಗಿ ಅದು ಸುಟ್ಟು ಕಡಿಯಿತು. ಭೂಮಿಯ ಕಾಂತಕ್ಷೇತ್ರವನ್ನು ಅಡ್ಡಹಾಯುತ್ತಿದ್ದ ತಂತಿಯಲ್ಲಿ ಸುಮಾರು 3500 ವೋಲ್ಟುಗಳ ಒತ್ತಡ ಹುಟ್ಟಿತ್ತು. ಹೊದಿಕೆಯಲ್ಲಿದ್ದ ಸಣ್ಣದೊಂದು ಗಾಯದಲ್ಲಿ ಕಿಡಿ ಹತ್ತಿತು. ಸುಮಾರು ಒಂದು ಆಂಪಿಯರ್ ಪ್ರವಾಹ ಹರಿದು, ದಾರಕ್ಕೆ ಬಲ ಕೊಡುತ್ತಿದ್ದ ಎಳೆಗಳು ಬೆಂದುಹೋದವು.

ಪ್ರವಾಹ ಹರಿಯಬೇಕಾದರೆ ಮಂಡಲ ಪೂರ್ಣವಾಗಬೇಕಷ್ಟೆ. ಇಲ್ಲಿ ಅದನ್ನು ಪೂರ್ಣಮಾಡಿದ್ದು ಯಾವುದು? ನಾವು ಶೂನ್ಯವೆಂದು ಕರೆದ ಆ ಅವಕಾಶವೇ! ಅಲ್ಲಿನ ತೆಳುವಾದ ಅನಿಲವನ್ನು ಸೂರ್ಯನ ಕಿರಣಗಳು ಒಡೆದು, ಎಲೆಕ್ಟ್ರಾನು ಅಯಾನುಗಳ ಪ್ಲಾಸ್ಮಾವನ್ನಾಗಿ ಮಾಡಿರುತ್ತವೆ. ಘನ ಸೆಂಟಿಮೀಟರಿನಲ್ಲಿ ಅವು ಲಕ್ಷದ ಲೆಕ್ಕದಲ್ಲಿರಬಹುದು. ಗಾಳಿಗೆ ಹೋಲಿಸಿದರೆ ಏನೂ ಅಲ್ಲ; ವಿದ್ಯುತ್ತಿಗೆ ಮಾತ್ರ ಅದು ದಾರಿ.

ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಕಟ್ಟಿದವರೂ ಇದನ್ನು ಮರೆಯುವಂತಿರಲಿಲ್ಲ. 160 ವೋಲ್ಟುಗಳ ಅದರ ಸೌರಫಲಕಗಳ ಧನಭಾಗಕ್ಕೆ ಹಗುರವಾದ ಎಲೆಕ್ಟ್ರಾನುಗಳು ಮುತ್ತಿಕೊಳ್ಳುತ್ತವೆ. ಭಾರವಾದ ಅಯಾನುಗಳು ಅಷ್ಟು ಬೇಗ ಬಂದು ಸರಿದೂಗಿಸಲಾರವು. ನಿಲ್ದಾಣದ ಮೈ ಋಣದ ಕಡೆಗೆ ಜಾರುತ್ತದೆ. ಆಗ ಅಲ್ಯೂಮಿನಿಯಂ ಮೇಲಿನ ತೆಳು ಪೊರೆ ಬಿರಿದು ಕಿಡಿ ಹಾರೀತು. ಹೊರಗೆ ದುಡಿಯುವ ಯಾನಿಗೂ ಅಪಾಯವಾದೀತು. ಅದಕ್ಕಾಗಿ ಜೆನಾನ್ ಅನಿಲದಿಂದ ಪ್ಲಾಸ್ಮಾ ಮಾಡಿ, ಹೆಚ್ಚಾದ ಎಲೆಕ್ಟ್ರಾನುಗಳನ್ನು ಹೊರಕ್ಕೆ ಸಾಗಿಸುವ ಸಾಧನವನ್ನು ಅಳವಡಿಸಿದರು.

ನಮ್ಮ ಶರಣರ ಕೈಯಲ್ಲಿ ‘ಶೂನ್ಯ’ವೂ ‘ಬಯಲೂ’ ಬರಿಯ ಇಲ್ಲದಿರುವಿಕೆಯಾಗಿರಲಿಲ್ಲ. ಹಾಗೆಂದು ಅವರು ಪ್ಲಾಸ್ಮಾವನ್ನು ಕಂಡಿದ್ದರೆನ್ನುವುದು ಹಾಸ್ಯಾಸ್ಪದ. ಆದರೆ ಅಷ್ಟು ತುಂಬಿದ ಪದವನ್ನು ನಾವು ಬರಿದುಮಾಡಿ ವಿಜ್ಞಾನಕ್ಕೆ ತಂದೆವೆಂಬುದು ಸುಳ್ಳಲ್ಲ. ಹೊಸ ಪದವನ್ನು ಟಂಕಿಸಲೇಬೇಕೆಂದಿಲ್ಲ; ‘ತೆಳುವಾದ ಪ್ಲಾಸ್ಮಾ’ ಎಂದರೆ ಸಾಕು. ಮೊದಲ ವಾಕ್ಯದಲ್ಲಿ ಶೂನ್ಯವೆಂದು ಬರೆದ ಲೇಖಕನು ಕೊನೆಯ ವಾಕ್ಯದಲ್ಲಿ ಕಿಡಿ ಎಲ್ಲಿಂದ ಬಂತೆಂದು ಹೇಳಲಾರ.