ಅರವತ್ತೆರಡು ಚಿಹ್ನೆಗಳೂ ಐವತ್ತೆರಡು ಸ್ಥಾನಗಳೂ

ಮೊಬೈಲಿನ ಪರದೆಯ ಮೇಲೆ ಮೂಡುವ ಕೀಲಿಮಣೆಯನ್ನು ಬಳಸುವವನೇ ತನ್ನ ಇಚ್ಛೆಗೆ ತಕ್ಕಂತೆ ತಿದ್ದಿಕೊಳ್ಳಬಹುದೆಂಬ ಸೌಕರ್ಯಕ್ಕೆ ಈಚಿನ ವರ್ಷಗಳಲ್ಲಿ ನಮ್ಮ ತಂತ್ರಜ್ಞಾನಪ್ರಿಯರ ವಲಯದಲ್ಲಿ ಸಲ್ಲುತ್ತಿರುವ ಸ್ತುತಿ ಅದರ ಅರ್ಹತೆಯನ್ನು ಬಹುದೂರ ಮೀರಿದೆಯೆಂಬುದು ನನ್ನ ಅಭಿಪ್ರಾಯ. ಸ್ತುತಿಸುವವರು ಅದನ್ನು ಸ್ವಾತಂತ್ರ್ಯವೆಂದೂ, ಭಾಷೆಯ ಮೇಲಿನ ಅಧಿಕಾರವು ದೊಡ್ಡ ಕಂಪನಿಗಳ ಕೈಯಿಂದ ಜನರ ಕೈಗೆ ಮರಳಿದ ಶುಭಮುಹೂರ್ತವೆಂದೂ ಬಣ್ಣಿಸುತ್ತಾರೆ. ಯಾವುದರ ಸ್ವಾತಂತ್ರ್ಯ, ಎಷ್ಟರಮಟ್ಟಿಗಿನ ಅಧಿಕಾರ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಆಡುನುಡಿಯನ್ನು ಎದುರಿಗಿಟ್ಟುಕೊಂಡು ಆ ಪ್ರಶ್ನೆಗಳನ್ನು ಇಲ್ಲಿ ಕೇಳಬೇಕೆಂದಿದ್ದೇನೆ. ಏಕೆಂದರೆ ಗ್ರಾಂಥಿಕ ಕನ್ನಡಕ್ಕೆ ಸಾಕಾಗುವ ಉಪಕರಣವೊಂದು ಕನ್ನಡಕ್ಕೇ ಸಾಕಾಯಿತೆಂದು ತಿಳಿಯುವ ಭ್ರಮೆ ಈ ನಾಲ್ಕು ಊರುಗಳ ಸೀಮೆಯಲ್ಲಿ ನಿಲ್ಲುವಂಥದಲ್ಲ.

ಪರೀಕ್ಷೆಗೆ ನಾನು ಆರಿಸಿಕೊಂಡ ಕೃತಿ ಹೆಲಿಬೋರ್ಡ್. ಆಂಡ್ರಾಯ್ಡಿನ ಮೂಲ ಕೀಲಿಮಣೆಯಿಂದ ಓಪನ್‌ಬೋರ್ಡ್, ಅದರಿಂದ ಇದು ಎಂಬ ವಂಶಾವಳಿಯೂ, ಆಕರಸಂಕೇತವೆಲ್ಲ ಮುಕ್ತವಾಗಿರುವುದೂ, ಅಂತರ್ಜಾಲದ ಅನುಮತಿಯನ್ನೇ ಕೇಳದಿರುವ ಅದರ ಸಂಯಮವೂ ಆಸಕ್ತರಿಗೆಲ್ಲ ತಿಳಿದ ವಿಷಯ; ಅದರ ಸದ್ಗುಣಗಳನ್ನು ಕುರಿತು ನನಗೆ ತಕರಾರಿಲ್ಲ. ಕೀಲಿಗಳ ವಿನ್ಯಾಸವನ್ನು ಬಳಕೆದಾರನೇ ಬರೆಯಬಹುದೆಂದು ಅದು ಯಾವಾಗ ಬಾಗಿಲು ತೆರೆಯಿತೋ ಅಂದಿನಿಂದ ಅದರ ಕೀರ್ತಿ ಇಮ್ಮಡಿಸಿತು. ಆ ಬರವಣಿಗೆಯ ಕ್ರಮವನ್ನೇ ತುಸು ಸಾವಧಾನವಾಗಿ ನೋಡೋಣ.

ಕ್ರಮವು ಮೇಲ್ನೋಟಕ್ಕೆ ಅತಿ ಸುಲಭ, ಅತಿ ಸುಂದರ. ಒಂದು ಸಾಲಿಗೆ ಒಂದು ಕೀಲಿ. ಅದರ ಪಕ್ಕದಲ್ಲಿ, ನಡುವೆ ತೆರಪು ಬಿಟ್ಟು, ಅದನ್ನು ಒತ್ತಿ ಹಿಡಿದಾಗ ಮೇಲೇಳಬೇಕಾದ ಉಪಾಕ್ಷರಗಳು. ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಕೀಲಿಗಳ ಮುಂದಿನ ಪಂಕ್ತಿ. ಕಂಪ್ಯೂಟರನ್ನು ಕಣ್ಣಾರೆ ಕಾಣದವನೂ ಬರೆಯಬಲ್ಲಷ್ಟು ಸರಳವಾದ ಈ ಕಡತವನ್ನು ನೋಡಿ ನಾನೂ ಮೆಚ್ಚಿದೆ. ಮೆಚ್ಚುಗೆ ಶಿಫ್ಟ್ ಕೀಲಿಯವರೆಗೆ ಬಂದು ನಿಂತಿತು. ರೋಮನ್ ಲಿಪಿಯಲ್ಲಿ ಬರೆದ ಕಡತವಾದರೆ ಶಿಫ್ಟ್ ಒತ್ತಿದಾಗ ಏನು ಬರಬೇಕೆಂಬುದನ್ನು ಬರೆಯಲೇಬೇಕಾಗಿಲ್ಲ. ಸಣ್ಣ ಅಕ್ಷರಕ್ಕೆ ದೊಡ್ಡ ಅಕ್ಷರವು ನಿಯತವಾಗಿ ಇದ್ದೇ ಇರುವುದರಿಂದ ಯಂತ್ರವು ಅದನ್ನು ತಾನೇ ಊಹಿಸಿಕೊಳ್ಳುತ್ತದೆ. ಕನ್ನಡಕ್ಕೆ ಸಣ್ಣದು ದೊಡ್ಡದೆಂಬ ಭೇದವೇ ಇಲ್ಲವಾದ್ದರಿಂದ ‘ಕ’ಕಾರದ ಮೇಲೆ ಶಿಫ್ಟ್ ಒತ್ತಿದರೆ ಯಂತ್ರವು ಊಹಿಸುವುದು ಮತ್ತೆ ‘ಕ’ಕಾರವನ್ನೇ. ಅಂದರೆ, ಆ ಸರಳ ಕಡತದಲ್ಲಿ ಶಿಫ್ಟ್ ಎಂಬುದು ಕನ್ನಡದ ಮಟ್ಟಿಗೆ ನಿರ್ಜೀವವಾದ ಕೀಲಿ. ನಮ್ಮ ಕೀಲಿಮಣೆಯ ಸಂಪ್ರದಾಯವಾದರೋ ಮಹಾಪ್ರಾಣಗಳನ್ನು ನೆಲೆಗೊಳಿಸಿದ್ದೇ ಆ ಶಿಫ್ಟಿನ ಆಶ್ರಯದಲ್ಲಿ: ಭಾರತೀಯ ಲಿಪಿಗಳ ಪ್ರಮಾಣವಿನ್ಯಾಸವಾದ ಇನ್‌ಸ್ಕ್ರಿಪ್ಟಿನಲ್ಲಿ ಕಕಾರದ ಮೇಲೆ ಖಕಾರ, ಗಕಾರದ ಮೇಲೆ ಘಕಾರ, ಕೆ.ಪಿ. ರಾಯರು ಕನ್ನಡಕ್ಕೆಂದು ರೂಪಿಸಿದ ವಿನ್ಯಾಸದಲ್ಲಿಯೂ ಅಂತೆಯೇ. ಆ ಆಶ್ರಯ ತಪ್ಪಿದ ಮಹಾಪ್ರಾಣಗಳು ಒತ್ತಿ ಹಿಡಿಯುವ ಕೀಲಿಯ ಹಿಂದೆ, ಪ್ರತಿಸಲವೂ ಬೆರಳು ಕಾಯಬೇಕಾದ ನೇಪಥ್ಯಕ್ಕೆ ಸರಿಯುತ್ತವೆ.

ಇದಕ್ಕೆ ಪರಿಹಾರವಿಲ್ಲವೆನ್ನಲಾರೆ. ಜೇಸನ್ ಎಂಬ ಇನ್ನೊಂದು ವಿಧಾನದಲ್ಲಿ, ಪುಷ್ಪಾಕಾರದ ಆವರಣಚಿಹ್ನೆಗಳ ನಡುವೆ, ಶಿಫ್ಟ್ ಇಲ್ಲದಾಗ ಇದು, ಇದ್ದಾಗ ಅದು ಎಂದು ಒಂದೊಂದು ಕೀಲಿಗೂ ಪ್ರತ್ಯೇಕವಾಗಿ ಬರೆಯಬಹುದು. ಫ್ಲೋರಿಸ್‌ಬೋರ್ಡ್ ಎಂಬ ಸೋದರ ಕೃತಿಯಿಂದ ಬಂದ ಪದ್ಧತಿ ಅದು. ಆದರೆ ಕಂಪ್ಯೂಟರನ್ನು ಕಾಣದವನೂ ಬರೆಯಬಲ್ಲನೆಂಬ ಮೊದಲಿನ ಹೆಗ್ಗಳಿಕೆ ಆ ಕ್ಷಣಕ್ಕೇ ಕರಗುತ್ತದೆ. ಒಂದು ಆವರಣ ತಪ್ಪಿದರೆ ಇಡೀ ವಿನ್ಯಾಸವೇ ನಿರಾಕೃತವಾಗುವ ಆ ಬರವಣಿಗೆಯನ್ನು ಮೊಬೈಲಿನ ಪರದೆಯ ಮೇಲೆ ಹೆಬ್ಬೆರಳಿನಿಂದ ಮಾಡಿ ಮುಗಿಸುವ ಸಾಹಸಿಯು ಇಂಥ ಉಪಕಾರವನ್ನು ಬೇಡುವ ವರ್ಗದವನೇ ಅಲ್ಲ. ಸರಳವಾದದ್ದು ರೋಮನ್ ಲಿಪಿಯವರಿಗೆ, ಕಠಿಣವಾದದ್ದು ನಮಗೆ ಎಂಬ ಈ ಹಂಚಿಕೆಯನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ, ಗಮನವಿಲ್ಲದೆ ಆದದ್ದು.

ಇನ್ನೂ ಆಳವಾದ ದೋಷ ಬೇರೆಯದಿದೆ. ಕೆ.ಪಿ. ರಾಯರ ವಿನ್ಯಾಸವನ್ನು ಹೊಗಳುವವರು ಸಾಮಾನ್ಯವಾಗಿ ಹೊಗಳುವುದು ಅದರ ಸ್ಥಾನಕಲ್ಪನೆಯನ್ನು: ಇಂಗ್ಲಿಷಿನ ಯಾವ ಅಕ್ಷರದ ಧ್ವನಿಗೆ ಕನ್ನಡದ ಯಾವ ಅಕ್ಷರವು ಒಪ್ಪುತ್ತದೆಂಬ ಜಾಣ್ಮೆಯನ್ನು. ಅದು ಜಾಣ್ಮೆಯೇ ನಿಜ. ಆದರೆ ಆ ಕೃತಿಯ ಪ್ರಾಣವಿರುವುದು ಗಣಿತದಲ್ಲಿ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಬರೆಯುವಾಗ ಇವುಗಳ ಜೊತೆಗೆ 12 ಕಾಗುಣಿತಚಿಹ್ನೆಗಳೂ ಒತ್ತಕ್ಷರವನ್ನು ಬೆಸೆಯುವ ಒಂದು ಹಲಂತವೂ ಬೇಕು, ಕೂಡಿದರೆ 62. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಿಗೆ ಶಿಫ್ಟ್ ಸೇರಿಸಿದರೂ ದೊರೆಯುವ ಸ್ಥಾನಗಳು 52. ಕೊರತೆ 10. ರಾಯರು ಈ ಕೊರತೆಯನ್ನು ತುಂಬಿದ್ದು ಹೊಸ ಸ್ಥಾನವನ್ನು ಸೃಷ್ಟಿಸಿ ಅಲ್ಲ, ಒಂದು ನಿಯಮವನ್ನು ಸೃಷ್ಟಿಸಿ: ಸ್ವರದ ಕೀಲಿಯು ಪದದ ಮೊದಲಲ್ಲಿ ಸ್ವರವಾಗಿಯೂ, ವ್ಯಂಜನದ ಬೆನ್ನಿಗೆ ಬಂದಾಗ ಅದರ ಕಾಗುಣಿತವಾಗಿಯೂ ವರ್ತಿಸಬೇಕು. ಅಲ್ಲಿಗೆ 12 ಚಿಹ್ನೆಗಳು ಸ್ವರಗಳಲ್ಲೇ ಲೀನವಾಗಿ, ಉಳಿದ 50 ಆ 52ರೊಳಗೆ ಅಡಗುತ್ತವೆ. ಶಾಲೆಯ ಹುಡುಗನು ಕಾಗುಣಿತ ಕಲಿಯುವ ನಿಯಮವೇ ಇದು; ರಾಯರು ಅದನ್ನು ಯಂತ್ರಕ್ಕೆ ಕಲಿಸಿದರು.

ಇನ್ನು ಹೆಲಿಬೋರ್ಡಿನ ವಿನ್ಯಾಸಕಡತಕ್ಕೆ, ಅದು ಸರಳವಾದದ್ದೇ ಆಗಲಿ ಜೇಸನ್ನೇ ಆಗಲಿ, ಹಿಂದಿನ ಅಕ್ಷರ ಯಾವುದಿತ್ತೆಂದು ತಿರುಗಿ ನೋಡುವ ಶಕ್ತಿಯಿಲ್ಲ. ಈ ಕೀಲಿಗೆ ಈ ಅಕ್ಷರ ಎಂಬಷ್ಟೇ ಅದರ ವ್ಯಾಕರಣ. ಆದಕಾರಣ ಅದರಲ್ಲಿ ಕೆ.ಪಿ. ರಾಯರ ವಿನ್ಯಾಸವನ್ನು ತಾನು ಬರೆದೆನೆಂದು ಯಾವನಾದರೂ ಹೇಳಿದರೆ, ಅವನು ಬರೆದದ್ದು ಅದರ ಶರೀರವನ್ನು ಮಾತ್ರ. ಪಂಕ್ತಿಗೆ 11 ಕೀಲಿಗಳಂತೆ ಮೂರು ಪಂಕ್ತಿ ಹೂಡಿದರೆ ಶಿಫ್ಟಿನೊಡನೆ 66 ಸ್ಥಾನಗಳು ದೊರೆಯುವುವಲ್ಲ ಎಂದು ವಾದಿಸುವವರಿದ್ದಾರೆ. ಮೂರನೆಯ ಪಂಕ್ತಿಯಲ್ಲಿ ಶಿಫ್ಟಿಗೂ ಅಳಿಸುವ ಕೀಲಿಗೂ ಜಾಗ ಬೇಕೆಂಬುದನ್ನು ಅವರು ಮರೆತಿರುವುದನ್ನು ಮನ್ನಿಸಿದರೂ, ಆಗ ನಮಗೆ ಸಿಗುವುದು ಇನ್‌ಸ್ಕ್ರಿಪ್ಟಿನ ಜ್ಞಾತಿಯೇ ಹೊರತು ರಾಯರ ಸಂತತಿಯಲ್ಲ. ಕೊರಿಯಾದ ಹಂಗುಲ್ ಲಿಪಿಗೆ, ಅದರ ಅಕ್ಷರಖಂಡಗಳನ್ನು ಒಂದರೊಡನೊಂದು ಜೋಡಿಸುವ ಭಾಗವನ್ನು ಇದೇ ಹೆಲಿಬೋರ್ಡಿನ ಒಡಲಿನಲ್ಲಿಯೇ ಬರೆದಿಟ್ಟಿದ್ದಾರೆ. ಸ್ಥಾನದಿಂದ ಮಾತ್ರ ಸಾಧ್ಯವಾಗದ ಲಿಪಿಗಳುಂಟೆಂಬುದು ಅಲ್ಲಿ ಅಂಗೀಕೃತವಾದ ಸತ್ಯವೇ. ಆ ಸತ್ಯ ಬಳಕೆದಾರನು ಬರೆಯುವ ಕಡತದವರೆಗೆ ಇಳಿದು ಬಂದಿಲ್ಲ.

ಇಳಿದು ಬಂದಿರುವ ಕೃತಿ ಬೇರೊಂದಿದೆ, ಅದನ್ನು ಹೊಗಳುವವರೇ ಇಲ್ಲ. ಲಾವೋ ಭಾಷೆಗೋಸ್ಕರ 1993ರಲ್ಲಿ ಮಾರ್ಕ್ ಡರ್ಡಿನ್ ಎಂಬಾತ ಆರಂಭಿಸಿ, ಈಗ ಎಸ್‌.ಐ.ಎಲ್. ಸಂಸ್ಥೆಯ ಪೋಷಣೆಯಲ್ಲಿ ಉಚಿತವಾಗಿ ದೊರೆಯುವ ಕೀಮ್ಯಾನ್ ಎಂಬ ತಂತ್ರಾಂಶದಲ್ಲಿ, ‘ಹಿಂದೆ ವ್ಯಂಜನವಿದ್ದು ಈಗ ಈ ಕೀಲಿ ಬಿದ್ದರೆ ಇದನ್ನು ಬರೆ’ ಎಂಬ ಜಾತಿಯ ವಾಕ್ಯಗಳೇ ವಿನ್ಯಾಸದ ಮೂಲದ್ರವ್ಯ. ಅದರ ಮುಖದಲ್ಲಿ ಲಾವಣ್ಯವಿಲ್ಲ, ನಿಜ. ಅದರ ವಿನ್ಯಾಸಗಳನ್ನು ರಚಿಸಲು ಕಂಪ್ಯೂಟರು ಬೇಕಾಗುತ್ತದೆಂಬುದೂ, ಹಿರೇಕೆರೂರಿನ ಕಾಲೇಜು ಹುಡುಗನ ಕೈಯಲ್ಲಿ ಇರುವುದು ಮೊಬೈಲು ಮಾತ್ರವೆಂಬುದೂ ಅಷ್ಟೇ ನಿಜ. ಆ ಒಂದು ಅಂಶದಲ್ಲಿ ಹೆಲಿಬೋರ್ಡಿಗೆ ಮೇಲುಗೈ, ಅದನ್ನು ಕೊಟ್ಟುಬಿಡುತ್ತೇನೆ.

ಇಷ್ಟು ಹೇಳಿದೊಡನೆ ಏಕವಿನ್ಯಾಸವಾದಿಗಳು ನನ್ನನ್ನು ತಮ್ಮವನೆಂದು ಅಪ್ಪಿಕೊಳ್ಳಲು ಬರುತ್ತಾರೆ. ರಾಜ್ಯಕ್ಕೆ ಒಂದೇ ಕೀಲಿಮಣೆ ಇರಬೇಕು, ಈ ಶತಮಾನದ ಆರಂಭದಲ್ಲಿ ಸರ್ಕಾರವು ಒಂದನ್ನು ಒಪ್ಪಿದ ಮೇಲೆ ಮಿಕ್ಕದ್ದೆಲ್ಲ ಅರಾಜಕತೆ ಎಂಬುದು ಅವರ ಸಿದ್ಧಾಂತ. ಅವರಿಂದ ನಾನು ದೂರವೇ ನಿಲ್ಲಬಯಸುತ್ತೇನೆ. ‘ನುಡಿ’ ಮತ್ತು ‘ಬರಹ’ ಎಂಬ ತಂತ್ರಾಂಶಗಳ ಪಕ್ಷಪಾತಿಗಳು ಹೊಡೆದಾಡಿದ ಆ ದಿನಗಳನ್ನು, ಪೂರ್ಣಚಂದ್ರ ತೇಜಸ್ವಿಯವರಂಥ ಕಥೆಗಾರರೇ ಲೇಖನಿಯನ್ನು ಬದಿಗಿಟ್ಟು ತಂತ್ರಾಂಶದ ಚರ್ಚೆಗೆ ಇಳಿಯಬೇಕಾಗಿ ಬಂದ ಆ ದಿನಗಳನ್ನು ಕಂಡವರು, ಏಕರೂಪತೆಯ ಹೆಸರಿನಲ್ಲಿ ಎಷ್ಟು ಕಾಲ ವ್ಯರ್ಥವಾಯಿತೆಂಬುದನ್ನೂ ಬಲ್ಲರು. ಏಕವಿನ್ಯಾಸವೆಂಬುದು ಕಚೇರಿಯ ಬೆರಳಚ್ಚು ಯಂತ್ರಕ್ಕೆ ಹುಟ್ಟಿದ ಧರ್ಮ: ಯಂತ್ರ ಸರ್ಕಾರದ್ದು, ಕುರ್ಚಿಯಲ್ಲಿ ಕೂರುವ ಗುಮಾಸ್ತ ವರ್ಗವಾಗಿ ಹೋಗುವವನು, ಆದ್ದರಿಂದ ಹಾನಗಲ್ಲಿನಲ್ಲಿ ಕಲಿತ ಬೆರಳು ಶಿಗ್ಗಾಂವಿಯಲ್ಲಿಯೂ ನಡೆಯಬೇಕಾಗಿತ್ತು. ಮೊಬೈಲಾದರೋ ಒಡೆಯನೊಡನೆಯೇ ವರ್ಗವಾಗುತ್ತದೆ. ಒಂದೇ ಫೋನು ಅಜ್ಜಿ, ಸೊಸೆ, ಮೊಮ್ಮಗ ಹೀಗೆ ಮನೆಮಂದಿಯ ಕೈಯಲ್ಲೆಲ್ಲ ತಿರುಗುವ ಮನೆಗಳು ಈ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆಯಲ್ಲ ಎಂದು ಅವರು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದೇ ಫೋನಿನಲ್ಲಿ ಎರಡು ಮೂರು ವಿನ್ಯಾಸಗಳನ್ನಿಟ್ಟು ಒಂದು ಕೀಲಿಯಿಂದ ಬದಲಿಸಿಕೊಳ್ಳುವುದು ಇಂದು ಸಾಮಾನ್ಯ ಸೌಕರ್ಯವಾಗಿರುವಾಗ, ಅಜ್ಜಿಯ ಅನುಕೂಲಕ್ಕಾಗಿ ಮೊಮ್ಮಗನ ಕೈಕಟ್ಟುವುದೇಕೆ? ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಹೆಸರಿನ ವರದಿ ಶಾಲೆಯಲ್ಲಿ ಕನ್ನಡಕ್ಕೆ ಅಗ್ರಸ್ಥಾನವನ್ನು ಕೇಳಿತು. ಕನ್ನಡವು ಒಂದೇ ಅಚ್ಚಿನಲ್ಲಿ ಎರಕಗೊಳ್ಳಬೇಕೆಂದು ಕೇಳಲಿಲ್ಲ. ಧ್ವನಿಯಿಂದಲೇ ಬರೆಸುವ ಯುಗದಲ್ಲಿ ಕೀಲಿಗಳ ಜಗಳವೇಕೆಂದು ನಗುವ ಇನ್ನೊಂದು ಪಂಥಕ್ಕೆ ಉತ್ತರವಾಗಿ, ಸಂತೆಯ ಗದ್ದಲದಲ್ಲಿ ಸವಣೂರಿನ ಮಾತನ್ನು ಆ ಯಂತ್ರಕ್ಕೆ ಒಮ್ಮೆ ಕೇಳಿಸಿ ನೋಡಲಿ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಹಾಗಾದರೆ ಈ ಸ್ವೇಚ್ಛಾವಿನ್ಯಾಸದಿಂದ ಈ ಸೀಮೆಗೆ ಪ್ರಯೋಜನವೇ ಇಲ್ಲವೇ? ಇದೆ, ಹೊಗಳುವವರು ತೋರಿಸುವ ದಿಕ್ಕಿನಲ್ಲಿಲ್ಲ, ಅಷ್ಟೆ. ಪಾನುಂಗಲ್ಲೆಂದು ಶಾಸನಗಳಲ್ಲಿ ಹೆಸರಾದ, ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಹಾನಗಲ್ಲಿನ ಶಿಲಾಲೇಖಗಳನ್ನು ಓದಿ ಬರೆದುಕೊಳ್ಳುವ ಅಧ್ಯಾಪಕನಿಗೆ ಱಕಾರವೂ ೞಕಾರವೂ ಬೇಕು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ, ಎರಡನೆಯದಕ್ಕೆ ಇಟ್ಟ ಹೆಸರು ತಪ್ಪಾಗಿ ಅಲ್ಲಿ ‘ಫ’ ಎಂದು ನಮೂದಾಗಿರುವುದು ಒಂದು ವಿನೋದ. ನವಾಬರ ಊರಾದ ಸವಣೂರಿನ ಉರ್ದು ಮನೆಮಾತಿನವರು ಕನ್ನಡದಲ್ಲಿ ತಮ್ಮ ಹೆಸರನ್ನು ಸರಿಯಾಗಿ ಬರೆಯಬೇಕಾದರೆ ಜ಼, ಫ಼ಗಳ ಅಡಿಯ ಚುಕ್ಕೆ ಬೇಕು. ಇವನ್ನು ಯಾವ ಕಂಪನಿಯೂ ಮುಂಚೂಣಿಯ ಪಂಕ್ತಿಯಲ್ಲಿ ಇಡಲಾರದು. ತನಗೆ ಬೇಕಾದವನು ತಾನೇ ಇಟ್ಟುಕೊಳ್ಳಬೇಕು, ಹೆಲಿಬೋರ್ಡಿನಲ್ಲಿ ಇಟ್ಟುಕೊಳ್ಳಬಹುದು.

ಇವೆರಡಕ್ಕಿಂತಲೂ ವ್ಯಾಪಕವಾದ ಅಗತ್ಯ ಇನ್ನೊಂದಿದೆ. ಬ್ಯಾಡ, ಮ್ಯಾಲ, ಹ್ಯಾಂಗ, ಬ್ಯಾಳಿ, ಪ್ಯಾಟಿ, ಬ್ಯಾಸಗಿ, ದ್ಯಾವರು: ಈ ನಾಲ್ಕು ತಾಲ್ಲೂಕುಗಳ ಮಾತನ್ನು ಆಡಿದಂತೆ ಬರೆಯಹೊರಟವನಿಗೆ ಹೆಜ್ಜೆಹೆಜ್ಜೆಗೂ ಎದುರಾಗುವುದು ಯಕಾರದ ಒತ್ತು ಮತ್ತು ಅದರ ದೀರ್ಘ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಹಾಡಿಕೆಯ ನುಡಿಯಲ್ಲಿಯೇ ದಾಖಲಿಸಬೇಕೆನ್ನುವವನಿಗೂ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಹಳ್ಳಿಯ ಮುದುಕಿಯ ಎದುರು ಕುಳಿತು ಕಥೆ ಬರೆದುಕೊಳ್ಳುವವನಿಗೂ, ತವರಿಗೆ ಎರಡು ಸಾಲು ಕಳಿಸುವ ಹೆಣ್ಣುಮಗಳಿಗೂ ಅದು ಸಮಾನವಾಗಿ ಬೇಕು. ಗ್ರಾಂಥಿಕ ಕನ್ನಡದಲ್ಲಿ ‘ಬೇಡ’ ಎಂಬುದಕ್ಕೆ ಏಕಾರದ ಒಂದೇ ಚಿಹ್ನೆ ಸಾಕು, ಇಲ್ಲಿಯ ‘ಬ್ಯಾಡ’ಕ್ಕೆ ಇನ್‌ಸ್ಕ್ರಿಪ್ಟಿನಲ್ಲಿ ಹಲಂತ, ಯಕಾರ, ದೀರ್ಘ ಎಂದು ಮೂರು ಹೊಡೆತ, ರಾಯರ ವಿನ್ಯಾಸದಲ್ಲಿ ಶಿಫ್ಟ್ ಸೇರಿ ನಾಲ್ಕು. ಪ್ರಮಾಣಭಾಷೆಯವನು ಒಂದೋ ಎರಡೋ ತೆರುವಲ್ಲಿ ಇವನು ಮೂರು ನಾಲ್ಕು ತೆರಬೇಕಾದ ಈ ಸುಂಕವನ್ನು ವಿನ್ಯಾಸಗಳ ಗುಣದೋಷಗಳನ್ನು ಚರ್ಚಿಸಿದ ಪಂಡಿತರಲ್ಲಿ ಒಬ್ಬರೂ ಲೆಕ್ಕಕ್ಕೆ ತಂದದ್ದನ್ನು ನಾನು ಕಾಣೆ. ಹೆಲಿಬೋರ್ಡಿನ ಸರಳ ಕಡತದಲ್ಲಿ ಒಂದು ಸಾಲಿಗೆ ‘್ಯಾ’ ಎಂದು ಬರೆದರೆ ಆ ಮೂರೂ ಒಂದೇ ಕೀಲಿಗೆ ಬಂದು ಸೇರುತ್ತವೆ. ಬಕಾರ, ಆ ಕೀಲಿ, ಡಕಾರ ಎಂದು ಮೂರು ಹೊಡೆತಗಳಲ್ಲಿ ಪದವೇ ಮುಗಿಯುತ್ತದೆ. ಆಡುನುಡಿಯಲ್ಲಿ ಮಹಾಪ್ರಾಣಗಳ ಬಳಕೆ ವಿರಳವಾದ್ದರಿಂದ, ಮೇಲೆ ನಾನು ದೂರಿದ ಒತ್ತಿ ಹಿಡಿಯುವ ಶಿಕ್ಷೆಯೂ ಇಲ್ಲಿ ಅಷ್ಟಾಗಿ ನೋಯಿಸದು. ಪಂಚಾಯ್ತಿಯ ಗುಮಾಸ್ತನಿಗೆ ಅಧ್ಯಕ್ಷ, ವಿಭಾಗ, ಅಧಿಸೂಚನೆಗಳು ನಿತ್ಯದ ಮಾತು. ಅವನು ತನ್ನ ನುಡಿಯಲ್ಲೇ ಇರಲಿ.

ಸ್ವತಃ ‘್ಯಾ’ ಎಂಬುದು ಕೀಲಿಯ ಮೇಲೆ ಚುಕ್ಕೆಗಳ ವೃತ್ತವೊಂದನ್ನು ಕಟ್ಟಿಕೊಂಡು ವಿಕಾರವಾಗಿ ಕಾಣುವುದರಿಂದ, ಅದಕ್ಕೊಂದು ಮುಖವಾಡ ಬೇಕಾಗುತ್ತದೆ. ಕಡತದಲ್ಲಿ ಲಂಬರೇಖೆಯೊಂದನ್ನೆಳೆದು, ಎಡಕ್ಕೆ ಕಾಣಬೇಕಾದದ್ದನ್ನೂ ಬಲಕ್ಕೆ ಬೀಳಬೇಕಾದದ್ದನ್ನೂ ಬರೆಯುವ ಅವಕಾಶವಿದೆ. ಎಡಕ್ಕೆ ‘ಯಾ’, ಬಲಕ್ಕೆ ‘್ಯಾ’ ಎಂದರೆ ಕೀಲಿ ಅಂದವಾಗುತ್ತದೆ. ಆದರೆ ಹಿರೇಕೆರೂರಿನ ಹುಡುಗಿ ಆ ಅಂದವನ್ನು ನಂಬಿ ‘ಯಾಕ’ ಎಂದು ಬರೆಯಹೋದರೆ, ಪದದ ತಲೆಯ ಮೇಲೆ ಆಧಾರವಿಲ್ಲದ ಒತ್ತೊಂದು ಜೋತುಬೀಳುತ್ತದೆ. ಏಕೆಂದರೆ ಹಿಂದೆ ವ್ಯಂಜನವಿದೆಯೇ ಇಲ್ಲವೇ ಎಂದು ಆ ಕೀಲಿ ನೋಡಲಾರದು. ವ್ಯಂಜನದ ಬೆನ್ನಿಗಾದರೆ ಒತ್ತು, ಪದದ ಮೊದಲಲ್ಲಾದರೆ ಪೂರ್ಣಾಕ್ಷರ ಎಂದು ಅದಕ್ಕೆ ತಿಳಿಸಲು ಕೀಮ್ಯಾನಿನಲ್ಲಿ ಎರಡು ಸಾಲು ಸಾಕು. ಹೆಲಿಬೋರ್ಡಿನ ಕಡತದಲ್ಲಿ ಆ ಎರಡು ಸಾಲುಗಳನ್ನು ಬರೆಯುವುದಕ್ಕೆ ಜಾಗವೇ ಇಲ್ಲ.